ಒಂದೂವರೆ ಅಡಿ ದೂರ

"ಇದನ್ನ ಯಾವುದ್ರಲ್ಲಿ ಒರೆಸಿದ್ರಿ?"

ಅವಳು ಅವನಿಗೆ ಹೇಳಿದ ಮೊದಲ ಮಾತೇ ಅದು. ಬನ್ನಿ ಅನ್ನಲಿಲ್ಲ, ಏನು ಬೇಕಿತ್ತು ಅನ್ನಲಿಲ್ಲ. ಕೌಂಟರಿನ ಮೇಲಿಟ್ಟ ಪುಟ್ಟ ಲೆನ್ಸನ್ನು ಎತ್ತಿ ನೋಡಿದಳು, ಸಿಡುಕಿದಳು.

ಆಚೆ ನಿಂತಿದ್ದ ಎತ್ತರದ ಆಸಾಮಿ ಇಣುಕುತ್ತಿದ್ದ ಶರ್ಟಿನ ತುದಿಯನ್ನು ಮೆಲ್ಲಗೆ ಪ್ಯಾಂಟಿನೊಳಗೆ ತುರುಕಿಕೊಂಡ.

"ಶರ್ಟಲ್ಲಿ... ಆದ್ರೆ ಒಗೆದ ಶರ್ಟು ಮೇಡಂ!"

"ಓಹೋ! ಇಸ್ತ್ರಿನೂ ಮಾಡ್ಸಿದ್ರಾ?"

ಒಳಗೆ ಕೂತಿದ್ದ ಸೋದರಮಾವ ಕೆಮ್ಮಿದರು. ಅಂಗಡಿ ಅವರದು. ಗಿರಾಕಿಯನ್ನು ಓಡಿಸಬೇಡ ಕಣೇ ಎಂದು ಬಾಯಿಬಿಟ್ಟು ಹೇಳಲಾಗದಾಗ ಅವರು ಕೆಮ್ಮುತ್ತಿದ್ದರು.

ಅವಳು ಆ ಕೆಮ್ಮಿಗೆ ಸೊಪ್ಪು ಹಾಕದೆ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗಾಜಿಗೆ ಗೀರು ಬಿದ್ದಿದೆಯೇ ಎಂದು ನೋಡುವುದು ಹಾಗೆಯೇ. ಗೀರು ಕಾಣಲಿಲ್ಲ. ಕಂಡವನು ಅವನು... ಆ ಪುಟ್ಟ ಗಾಜಿನೊಳಗೆ ತಲೆಕೆಳಗಾಗಿ ನಿಂತು ನಗುತ್ತಿದ್ದ!

ಕೈಚಾಚಿ ಹಿಡಿದ ಲೆನ್ಸಿನಲ್ಲಿ ಲೋಕವೆಲ್ಲ ತಲೆಕೆಳಗಾಗಿಯೇ ಕಾಣುತ್ತದೆ. ಹನ್ನೊಂದು ವರ್ಷದಿಂದ ಲೆನ್ಸ್ ಬಿಚ್ಚಿ ಜೋಡಿಸುತ್ತಿರುವವಳಿಗೆ ಇದೇನು ಹೊಸದೇ? ಆದರೂ ಎದೆ ಒಮ್ಮೆ ಧಸಕ್ಕೆಂದಿತು.

'ಇದೇನಪ್ಪ ಗ್ರಹಚಾರ!' ಎಂದುಕೊಂಡು ಲೆನ್ಸನ್ನು ಕೆಳಗಿಟ್ಟಳು. ಅವನು ನೆಟ್ಟಗೆ ನಿಂತಿದ್ದ. ನಗು ಮಾತ್ರ ಹಾಗೇ ಇತ್ತು.

"ಗೀರಿಲ್ಲ. ನಿಮ್ಮ ಪುಣ್ಯ. ಇನ್ನೊಂದ್ಸಲ ಶರ್ಟಲ್ಲಿ ಒರೆಸಿದ್ರೆ ನನ್ನ ಹತ್ರ ತರ್ಬೇಡಿ."

"ತರೋಕೇ ಬೇರೆ ಕಾರಣ ಹುಡುಕ್ತೀನಿ ಬಿಡಿ," ಎಂದ ಅವನು.

ಮಾವ ಮತ್ತೆ ಕೆಮ್ಮಿದರು. ಈ ಸಲದ ಕೆಮ್ಮಿನ ಅರ್ಥವೇ ಬೇರೆ ಇತ್ತು.

ಹೀಗೆ ಶುರುವಾದದ್ದು ಆರು ತಿಂಗಳು ನಡೆಯಿತು. ಅವಳನ್ನು ಆ ಬೀದಿಯಲ್ಲಿ ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಿದ್ದರು. ಕ್ಯಾಮೆರಾ ರಿಪೇರಿಯಲ್ಲಿ ಅವಳ ಕೈಗುಣ ಅಂಥದು. ಅವನಿಗೆ ಅವಳು ಮನಸ್ಸಿನಲ್ಲೇ ಇಟ್ಟ ಹೆಸರು ಫಿಫ್ಟಿ. ಯಾಕೆಂದರೆ ಆ ಮಹಾಶಯನ ಆಸ್ತಿ ಅಂದರೆ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ, ಅದಕ್ಕೊಂದು ಐವತ್ತು ಎಂ.ಎಂ. ಲೆನ್ಸು. ಅಷ್ಟೇ!

ಅದು ಅಂಗಡಿಯ ಶೋಕೇಸಿನಲ್ಲೇ ಅತಿ ಅಗ್ಗದ ಲೆನ್ಸು. ಹಗುರ, ಪ್ಲಾಸ್ಟಿಕ್ ಮೈ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಆದರೆ ಮುಖ ತೆಗೆಯಲು ಕೂತರೆ ದೊಡ್ಡ ದೊಡ್ಡವರನ್ನೂ ನಾಚಿಸುತ್ತದೆ. ಒಂದೇ ತೊಂದರೆ. ಅದಕ್ಕೆ ಜೂಮ್ ಇಲ್ಲ. ಮುಖ ದೊಡ್ಡದಾಗಿ ಬೇಕೆಂದರೆ ಕಾಲೆತ್ತಿ ಹತ್ತಿರ ಹೋಗಬೇಕು, ಚಿಕ್ಕದಾಗಿ ಬೇಕೆಂದರೆ ಹಿಂದೆ ಸರಿಯಬೇಕು.

ವಾರದ ದಿನಗಳಲ್ಲಿ ಅವನು ಒಂದು ಸ್ಟುಡಿಯೊದಲ್ಲಿ ಅಲ್ಲಿಯ ಕ್ಯಾಮೆರಾದಿಂದ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದ. ಭಾನುವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ ವಯಸ್ಸಾದವರಿಗೆ ಫೋಟೊ ಪಾಠ. ನಡುವೆ ಬಿಡುವಾದಾಗ ಈ ಅಂಗಡಿ. ಮುಚ್ಚಳ ಬಿಗಿ ಅಂತ ಒಂದು ದಿನ, ಮುಚ್ಚಳ ಸಡಿಲ ಅಂತ ಇನ್ನೊಂದು ದಿನ. ಅವಳು ಬೈಯುವಳು, ಅವನು ನಗುವನು. ಅವನು ಬಾರದ ದಿನ ಅವಳ ಕೈಯಿಂದ ಸ್ಕ್ರೂ ಜಾರಿ ನೆಲಕ್ಕೆ ಬೀಳುವುದು.

ಒಂದು ಬುಧವಾರ ಅವನು ಕ್ಯಾಮೆರಾ ಸಮೇತ ಬಂದ. ಎಂದಿನ ನಗು ಇರಲಿಲ್ಲ.

"ಡಾಕ್ಟ್ರೇ, ಈ ಸಲ ನಿಜವಾದ ಕಾಯಿಲೆ. ಫೋಕಸ್ ಹಿಡಿಯುವಾಗ ಕಿರ್ರ್ ಅನ್ನುತ್ತೆ. ಬೇಗ ಬೇಕಿತ್ತು."

"ಇಟ್ಟು ಹೋಗಿ. ನೋಡ್ತೀನಿ."

ಅವನು ಹೋಗಲಿಲ್ಲ. ಕೌಂಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತ.

"ಈ ಭಾನುವಾರ ನಮ್ಮ ಕ್ಲಾಸಿಗೆ ಬರ್ತೀರಾ? ನಿಮ್ಮನ್ನ ಒಂದು ಮಾತು ಕೇಳ್ಬೇಕು."

"ಇಲ್ಲೇ ಕೇಳಿ."

"ಇಲ್ಲಿ ನಿಮ್ಮ ಮಾವ ಕೆಮ್ತಾರೆ."

ಅವಳು ನಕ್ಕುಬಿಟ್ಟಳು. ಅವನು ಮೆಟ್ಟಿಲಿಳಿದು ಹೋದ ಮೇಲೂ ಆ ನಗು ಮುಖದಿಂದ ಇಳಿಯಲಿಲ್ಲ. 'ಭಾನುವಾರ ಯಾವ ಬಟ್ಟೆ ಹಾಕ್ಕೊಳ್ಲಿ?' ಎಂದು ಯೋಚಿಸುತ್ತಲೇ ಕ್ಯಾಮೆರಾ ಆನ್ ಮಾಡಿದಳು. ಲೆನ್ಸಿನ ರೋಗ ತಿಳಿಯಲು ಹಿಂದೆ ತೆಗೆದ ಫೋಟೊಗಳನ್ನು ನೋಡಬೇಕು. ಅದು ಅವಳ ಕೆಲಸದ ಪದ್ಧತಿ.

ಗುಂಡಿ ಒತ್ತಿದಳು.

ಒಬ್ಬ ಹೆಂಗಸಿನ ಮುಖ.

ಮತ್ತೆ ಒತ್ತಿದಳು. ಅದೇ ಮುಖ. ಮತ್ತೆ. ಮತ್ತೆ... ನಲವತ್ತು ಫೋಟೊ, ನಲವತ್ತರಲ್ಲೂ ಅವಳೇ! ಬಿಚ್ಚಿದ ಕೂದಲು. ನಿದ್ದೆ ಇನ್ನೂ ಪೂರ್ತಿ ಬಿಡದ ಕಣ್ಣು. ಎಡಗೆನ್ನೆಯಲ್ಲೊಂದು ಗುಳಿ. ಹಿಂದೆ ಮಸುಕಾಗಿ ಅಡುಗೆಮನೆಯ ಕಪಾಟು.

ಡಾಕ್ಟ್ರಮ್ಮ ಕ್ಯಾಮೆರಾವನ್ನು ಕಣ್ಣಿನ ಹತ್ತಿರ ತಂದಳು.

ಬೇರೆ ಯಾರಾದರೂ ಆಗಿದ್ದರೆ 'ಯಾರೋ ಗಿರಾಕಿ ಇರಬೇಕು' ಎಂದು ಸುಮ್ಮನಾಗುತ್ತಿದ್ದರು. ಇವಳು ಲೆನ್ಸ್ ಬಲ್ಲವಳು, ಅದೇ ಆದ ಅನಾಹುತ! ಐವತ್ತು ಎಂ.ಎಂ., ಜೂಮ್ ಇಲ್ಲ. ಹಣೆಯಿಂದ ಗಲ್ಲದವರೆಗೆ ಮುಖ ಚೌಕಟ್ಟು ತುಂಬಬೇಕಾದರೆ ತೆಗೆದವರು ಎಷ್ಟು ದೂರದಲ್ಲಿ ನಿಂತಿರಬೇಕು? ಅವಳ ತಲೆ ತಾನಾಗಿಯೇ ಲೆಕ್ಕ ಹಾಕಿತು.

ಒಂದೂವರೆ ಅಡಿ.

ಒಂದೂವರೆ ಅಡಿ! ಅದಕ್ಕಿಂತ ಹತ್ತಿರ ಹೋದರೆ ಆ ಲೆನ್ಸು ಫೋಕಸ್ಸೇ ಹಿಡಿಯುವುದಿಲ್ಲ. ಉಸಿರು ತಾಗುವಷ್ಟು ದೂರ. ಅಷ್ಟು ಹತ್ತಿರ ನಿಂತವರನ್ನು ಆ ಹೆಂಗಸು ಹೆದರದೆ, ನಾಚದೆ, ಮನೆಯವರನ್ನು ನೋಡುವ ಹಾಗೆ ನೋಡುತ್ತಿದ್ದಳು. ತುಂಬು ಪ್ರೀತಿಯಿಂದ.

ಮೂಲೆಯಲ್ಲಿ ಮೂಡಿದ ದಿನಾಂಕ, ಸಮಯ ನೋಡಿದಳು. ಮಂಗಳವಾರ, ಬೆಳಗ್ಗೆ ಆರೂವರೆ. ಅದರ ಹಿಂದಿನದು? ಅದೂ ಮಂಗಳವಾರ, ಆರೂಕಾಲು. ಅದರ ಹಿಂದಿನದೂ ಮಂಗಳವಾರ!

ಬೆಳಗ್ಗೆ ಆರೂವರೆಗೆ, ಇನ್ನೊಬ್ಬಳ ಅಡುಗೆಮನೆಯಲ್ಲಿ, ಒಂದೂವರೆ ಅಡಿ ದೂರದಲ್ಲಿ... ಇವನಿಗೇನು ಕೆಲಸ?

ಲೆನ್ಸ್ ಬಿಚ್ಚಿದಳು. ಉಂಗುರದ ಸಂದಿಯಲ್ಲಿ ಬಿಳಿ ಪುಡಿ ಸಿಕ್ಕಿಕೊಂಡಿತ್ತು. ಬೆರಳಲ್ಲಿ ತಿಕ್ಕಿ ನೋಡಿದಳು. ಹಿಟ್ಟು! ಅಪ್ಪಟ ಅಡುಗೆಮನೆಯ ಹಿಟ್ಟು!

ಆಯಿತು, ಇನ್ನು ಉಳಿದದ್ದೇನು? ಅವನು ಅಲ್ಲಿ ಹಿಟ್ಟು ನಾದಿಕೊಡುತ್ತಿದ್ದಾನೆ, ಆ ಹೆಂಗಸು ಹಿಟ್ಟು ಎರಚುತ್ತಿದ್ದಾಳೆ, ನಕ್ಕೂ ನಕ್ಕೂ ಫೋಟೊ ತೆಗೆಯುತ್ತಿದ್ದಾನೆ... ನೋಡದೇ ಇದ್ದ ಸಿನಿಮಾವನ್ನೆಲ್ಲ ಅವಳ ಮನಸ್ಸು ಎರಡೇ ನಿಮಿಷದಲ್ಲಿ ತಾನೇ ತೋರಿಸಿಬಿಟ್ಟಿತು. ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದ ಹಾಗಾಯಿತು. ಹೊಟ್ಟೆ ಉರಿ ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎಂದು ಅವಳಿಗೆ ಅವತ್ತು ತಿಳಿಯಿತು.

'ನನ್ನ ಮುಂದೆ ನಿಂತು ನಗೋದು, ಅಲ್ಲಿ ಹೋಗಿ ಅವಳ ಫೋಟೊ ತೆಗೆಯೋದು! ಭಾನುವಾರ ಕೇಳ್ಬೇಕಂತೆ. ಏನು ಕೇಳ್ತಾನೆ? ಅವಳ ಫೋಟೊಗೆ ಫ್ರೇಮ್ ಎಲ್ಲಿ ಸಿಗುತ್ತೆ ಅಂತ ಕೇಳ್ತಾನೆ!'

ಹಿಟ್ಟು ಒರೆಸಿ, ಎರಡು ಸ್ಕ್ರೂ ಬಿಗಿದು, ಲೆನ್ಸನ್ನು ಮತ್ತೆ ಜೋಡಿಸಿದಳು. ಹದಿನೈದು ನಿಮಿಷದ ಕೆಲಸ. ಫೋಕಸ್ ಬೆಣ್ಣೆಯಂತೆ ಹಿಡಿಯಿತು. ಅದನ್ನು ಬಟ್ಟೆಯಲ್ಲಿ ಸುತ್ತಿ, ಕ್ಯಾಮೆರಾ ಸಮೇತ ತನ್ನ ಮೇಜಿನ ಕೆಳಗಿನ ಡ್ರಾಯರಿಗೆ ಹಾಕಿ ಬೀಗ ಜಡಿದಳು.

ಮಾರನೆಯ ದಿನ ಅವನು ಬಂದಾಗ ಅವಳು ತಲೆ ಎತ್ತಲಿಲ್ಲ.

"ಪಾರ್ಟ್ ಹೋಗಿದೆ. ತರಿಸ್ಬೇಕು."

"ಎಷ್ಟು ದಿನ ಆಗುತ್ತೆ?"

"ಬಂದಾಗ ಬರುತ್ತೆ."

ಸುಳ್ಳು! ಹನ್ನೊಂದು ವರ್ಷದಲ್ಲಿ ಗಿರಾಕಿಗೆ ಅವಳು ಹೇಳಿದ ಮೊದಲ ಸುಳ್ಳು. ಹೇಳುವಾಗ ಕಿವಿ ಬಿಸಿಯಾಯಿತು. ಆದರೆ ಬರುವ ಮಂಗಳವಾರ ಆರೂವರೆಗೆ ಅವನ ಕೈಯಲ್ಲಿ ಕ್ಯಾಮೆರಾ ಇರುವುದಿಲ್ಲ ಎಂಬುದು ನೆನಪಾದದ್ದೇ, ಹೊಟ್ಟೆಯ ಉರಿಗೆ ಒಂದು ಲೋಟ ತಣ್ಣೀರು ಬಿದ್ದಂತಾಯಿತು.

ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಎಡಗೆನ್ನೆಯನ್ನು ಬೆರಳಿಂದ ಒತ್ತಿ ನೋಡಿಕೊಂಡಳು. ಬೆರಳು ತೆಗೆದರೆ ಗುಳಿ ಮಾಯ.

ಶನಿವಾರ ಅವನು ಮತ್ತೆ ಬಂದ.

"ನಾಳೆ ಬರ್ತೀರಲ್ವಾ?"

"ನನಗೆ ಕೆಲಸ ಇದೆ."

"ಒಂದೇ ಗಂಟೆ..."

"ಇದೆ ಅಂದ್ನಲ್ಲ! ನಿಮಗೆ ಬೇಕಾದವರು ಬೇರೆ ಇರ್ತಾರೆ, ಅವ್ರನ್ನ ಕರ್ಕೊಳ್ಳಿ."

ಅವನು ಏನೋ ಹೇಳಬೇಕು ಅನ್ನುವಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಆ ಕಡೆಯಿಂದ ಹೆಣ್ಣುದನಿ. ಅವಳ ಎರಡೂ ಕಿವಿ ನೆಟ್ಟಗಾದವು.

"ಇಲ್ಲ, ಇನ್ನೂ ಆಗಿಲ್ಲ... ಗೊತ್ತು ಮಂಗಳವಾರ ಬೇಕು ಅಂತ... ಸ್ವಲ್ಪ ತಡ್ಕೊಳ್ಳಿ. ನೀವು ಜಾಸ್ತಿ ಓಡಾಡ್ಬೇಡಿ, ಹುಷಾರಾಗಿರಿ." ಎಷ್ಟು ಮೆತ್ತಗೆ ಹೇಳಿದ ಗೊತ್ತೇ! ಹೂವು ಮುಟ್ಟಿದ ಹಾಗೆ.

ಡಾಕ್ಟ್ರಮ್ಮನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಜಿಗೆ ಗೀರು ಹಾಕಿತು.

"ಮಂಗಳವಾರದವರು ಕಾಯ್ತಿದಾರೇನೋ ಪಾಪ," ಎಂದಳು.

"ಹೂಂ, ಪಾಪ, ತುಂಬಾ ಕಾಯ್ತಿದಾರೆ," ಎಂದ ಅವನು, ಒಂದಿಷ್ಟೂ ನಾಚಿಕೆಯಿಲ್ಲದೆ! "ಅದಕ್ಕೇ ಕೇಳ್ತಿರೋದು, ಪಾರ್ಟ್ ಬೇಗ..."

"ಬಂದಿಲ್ಲ ಅಂದ್ನಲ್ಲ!"

ಆಮೇಲೆ ಸುಮಾರು ಎರಡು ವಾರ ದಿನ ಬಿಟ್ಟು ದಿನ ಬಂದ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೊಂದು ಶುಕ್ರವಾರ ಅವನು ಕೌಂಟರಿನ ಹತ್ತಿರ ಬರಲೇ ಇಲ್ಲ. ಬಾಗಿಲಲ್ಲೇ ನಿಂತ.

"ನಾನು ಏನೋ ತಪ್ಪು ತಿಳ್ಕೊಂಡಿದ್ದೆ ಅನ್ಸುತ್ತೆ. ನಿಮಗೆ ನಾನು ಬರೋದು ಇಷ್ಟ ಇಲ್ಲ. ಲೆನ್ಸ್ ಆದ್ರೆ ಮಾವನ ಹತ್ರ ಕೊಟ್ಟಿಡಿ. ಇನ್ಮೇಲೆ ತೊಂದ್ರೆ ಕೊಡಲ್ಲ."

ಅವನು ಮೆಟ್ಟಿಲಿಳಿದ. ಇಪ್ಪತ್ತೆರಡು ಮೆಟ್ಟಿಲು. ಒಂದೊಂದೂ ಅವಳಿಗೆ ಕೇಳಿಸಿತು. 'ಕೂಗು... ಈಗಲಾದ್ರೂ ಕೂಗು!' ಎಂದಿತು ಮನಸ್ಸು. 'ಯಾಕೆ ಕೂಗ್ಬೇಕು? ಅವನಿಗೆ ಅವಳಿದಾಳೆ!' ಎಂದಿತು ಹೊಟ್ಟೆ. ಹೊಟ್ಟೆಯೇ ಗೆದ್ದಿತು. ಅವಳು ಮೇಜಿಗೆ ಹಣೆ ಇಟ್ಟು ಅತ್ತಳು.

ಮರುದಿನ ಬೇರೇನೋ ಹುಡುಕಲು ಡ್ರಾಯರಿನ ಬೀಗ ತೆಗೆಸಿದ ಮಾವನ ಕೈಗೆ ಬಟ್ಟೆಯ ಗಂಟು ಸಿಕ್ಕಿತು. ಲೆನ್ಸಿನ ಉಂಗುರ ತಿರುಗಿಸಿ ನೋಡಿದರು, ಕಿರ್ರ್ ಸದ್ದಿಲ್ಲ. ಮುದುಕನ ಕಿವಿಗೆ ಗೊತ್ತಾಗದೇ ಇರುತ್ತದೆಯೇ?

"ಪುಟ್ಟೀ, ಇದು ರೆಡಿ ಇದೆ."

ಅವಳು ಸ್ಕ್ರೂ ಡಬ್ಬಿಯ ಮುಚ್ಚಳ ಬಿಗಿಯತೊಡಗಿದಳು.

"ಯಾವತ್ತಿಂದ?"

"...ಮೊದಲ ದಿನದಿಂದ."

ಮಾವ ಕೆಮ್ಮಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಕುರ್ಚಿ ಎಳೆದು ಕೂತರು.

"ಹೋದ ವಾರ ನಾನೇ ಆ ಹುಡುಗನಿಗೆ ಹೇಳ್ದೆ. ಅಯ್ಯಾ, ಇದು ಇರೋದ್ರಲ್ಲೇ ಅಗ್ಗದ ಲೆನ್ಸು, ಇದಕ್ಕೋಸ್ಕರ ಯಾರಾದ್ರೂ ಇಷ್ಟು ಕಾಯ್ತಾರಾ, ಹೊಸದೇ ತಗೊಂಡು ಹೋಗು ಅಂತ. ಏನಂದ ಗೊತ್ತಾ? 'ಡಾಕ್ಟ್ರಮ್ಮ ಪಾರ್ಟ್ ಬರುತ್ತೆ ಅಂದಿದಾರೆ. ಅವರು ಅಂದ್ಮೇಲೆ ಬರುತ್ತೆ' ಅಂದ."

ಆ ಮಾತು ಅವಳ ಎದೆಗೆ ನೇರವಾಗಿ ನಾಟಿತು. ಅವಳು ಸುಳ್ಳು ಹೇಳಿದ್ದಳು. ಅವನು ನಂಬಿ ಕಾದಿದ್ದ!

"ಅವನಿಗೆ ಬೇರೆ ಯಾರೋ ಇದಾರೆ ಮಾವ," ಎಂದಳು. "ಕಣ್ಣಾರೆ ನೋಡ್ದೆ."

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ಅವನನ್ನ ಕೇಳಿದ್ಯಾ?"

"ಕೇಳೋಕೆ ನಾನ್ಯಾರು?"

ಮಾವ ಎದ್ದರು. "ನಿನ್ನ ಸಂಕಟ ನಿನಗೆ, ನಾನು ಮೂಗು ತೂರಿಸಲ್ಲ. ಆದ್ರೆ ನನ್ನ ಅಂಗಡಿ ಮೇಜಿನಿಂದ ಸುಳ್ಳು ಹೋಗ್ಬಾರ್ದು. ನಾಳೆ ಲೆನ್ಸ್ ಅವನ ಕೈ ಸೇರ್ಬೇಕು."

ಭಾನುವಾರ ಬೆಳಗ್ಗೆ ಅವಳು ಒಬ್ಬಳೇ ಅಂಗಡಿ ತೆರೆದು ಕ್ಯಾಮೆರಾ ಪೆಟ್ಟಿಗೆ ಕಟ್ಟುತ್ತಿದ್ದಳು. ಕ್ಲಾಸಿನ ಬಾಗಿಲಲ್ಲಿ ಇಟ್ಟು ಮುಖ ತೋರಿಸದೆ ಬಂದುಬಿಡಬೇಕು ಎಂಬ ಯೋಚನೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಅರವತ್ತೈದು ದಾಟಿದ ಒಬ್ಬ ಗುಂಡನೆಯ ಹೆಂಗಸು, ಕಂಬಿ ಹಿಡಿದುಕೊಂಡು, ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, ಕೊನೆಗೂ ಮೇಲೆ ಬಂದರು.

"ಡಾಕ್ಟ್ರಮ್ಮ ಅಂದ್ರೆ ನೀನೇನಾ ಮಗಳೇ?"

"ಹೌದಮ್ಮ, ಕೂತ್ಕೊಳ್ಳಿ. ಇವತ್ತು ರಜ..."

"ಕೂರೋಕೆ ಟೈಮಿಲ್ಲ ಕಣಮ್ಮ. ನಮ್ಮ ಫೋಟೊ ಮೇಷ್ಟ್ರ ಕ್ಯಾಮೆರಾ ಇಲ್ಲಿದೆಯಂತಲ್ಲ. ಅವರನ್ನ ಕೇಳಿದ್ರೆ, ಅಲ್ಲಿಗೆ ನಾನು ಹೋಗಲ್ಲಮ್ಮ ಅಂತ ಮುಖ ಸಣ್ಣಗೆ ಮಾಡ್ತಾರೆ. ಅದಕ್ಕೆ ನಾನೇ ಬಂದೆ." ಹೆಂಗಸು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಆಮೇಲೆ ದನಿ ಇಳಿಸಿದರು. "ನಿಜ ಹೇಳ್ತೀನಿ, ಮೇಷ್ಟ್ರಿಗೆ ಹೇಳ್ಬೇಡ. ಹಾಳು ಮಾಡಿದ್ದು ನಾನೇ! ಹಿಟ್ಟಿನ ಕೈಲಿ ಮುಟ್ಟಿದೆ. ಮರುದಿನವೇ ಕೆಟ್ಟೋಯ್ತು. ಈ ಹದಿನೆಂಟು ದಿನ ನನಗೆ ಊಟ ಸೇರಿಲ್ಲ ನೋಡು. ಕ್ಲಾಸಲ್ಲಿ ಆರು ಜನಕ್ಕೂ ಅದೊಂದೇ ಕ್ಯಾಮೆರಾ..."

"ಆರು ಜನ? ಆ ಕ್ಯಾಮೆರಾ..."

"ಹೂಂ ಮತ್ತೆ! ವಾರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ. ನಂದು ಮಂಗಳವಾರ. ಚೀಟಿ ಥರ ಒಂದು ಕಾರ್ಡ್ ಇರುತ್ತಲ್ಲ ಅದರೊಳಗೆ, ಅದು ಮಾತ್ರ ಅವರವರದ್ದು. ನಂದು ಅದರಲ್ಲೇ ಉಳ್ಕೊಂಡಿದೆ."

ಡಾಕ್ಟ್ರಮ್ಮ ಕುರ್ಚಿ ಹುಡುಕಿ ಕೂತಳು.

"ಅಮ್ಮಾ... ಎಡಗೆನ್ನೇಲಿ ಗುಳಿ ಬೀಳೋರು..."

"ನನ್ನ ಸೊಸೆ!" ಎಂದರು ಹೆಂಗಸು, ಮುಖವೆಲ್ಲ ಅರಳಿಸಿ. "ಮೇಷ್ಟ್ರು ಹೇಳಿದ್ರು, ಮನೇಲಿ ಯಾರಾದ್ರೂ ಒಬ್ಬರ ಮುಖಾನೇ ತೆಗೀತಾ ಹೋಗಿ, ಜೂಮ್ ಇಲ್ಲ, ಹತ್ತಿರ ಹೋಗೋಕೆ ಆಗದವರ ಫೋಟೊ ತೆಗೀಬೇಡಿ ಅಂತ. ಗಂಡಸರೆಲ್ಲ ಹೆಂಡತಿದು ತೆಗೆದ್ರು, ನಾನು ಸೊಸೇದು ತೆಗೆದೆ. ತುಂಬು ಬಸುರಿ ಕಣಮ್ಮ. ಇವತ್ತು ಮಧ್ಯಾಹ್ನ ಆಸ್ಪತ್ರೆಗೆ ಸೇರಿಸ್ತಾರೆ. ಇಷ್ಟು ದಿನ ಬರೀ ಮುಖ ಆಯ್ತು. ಹೊಟ್ಟೆ ಹೊತ್ತು ನಿಂತಿದ್ದು ಒಂದಾದ್ರೂ ತೆಗೀಬೇಕು ಅಂತ ಆಸೆ. ನಾಳೆಗೆ ಆ ಹೊಟ್ಟೆ ಎಲ್ಲಿರುತ್ತೆ ಹೇಳು?"

ಅತ್ತೆ! ಒಂದೂವರೆ ಅಡಿ ದೂರದಲ್ಲಿ ನಿಂತಿದ್ದದ್ದು ಅತ್ತೆ! ಲೋಕದಲ್ಲಿ ಅತ್ತೆ ಸೊಸೆಯನ್ನು ಹಾಗೆ ನೋಡುತ್ತಾಳೆ, ಸೊಸೆ ಅತ್ತೆಯನ್ನು ಹಾಗೆ ನೋಡುತ್ತಾಳೆ ಎಂದು ಯಾವ ಲೆನ್ಸ್ ಡಾಕ್ಟರಿಗೆ ತಾನೇ ಹೊಳೆದೀತು? ಲೆಕ್ಕವೇನೋ ಸರಿಯಾಗಿತ್ತು. ಕಾಮಾಲೆ ಕಣ್ಣು ಮಾತ್ರ ಅವಳದು.

ಅವಳು ಎದ್ದು ಬಂದು ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು.

"ಅಮ್ಮಾ, ನಿಮ್ಮ ಹಿಟ್ಟಿಂದ ಏನೂ ಆಗಿಲ್ಲ. ಅವತ್ತೇ ಒರೆಸಿದೆ, ಅವತ್ತೇ ಸರಿಯಾಯ್ತು. ನಾನೇ ಕೊಡ್ಲಿಲ್ಲ. ಆ ಫೋಟೊ ಮೇಷ್ಟ್ರು ತೆಗೆದಿದ್ದು ಅಂದ್ಕೊಂಡೆ. ಹೊಟ್ಟೆಕಿಚ್ಚಿಗೆ ಬಚ್ಚಿಟ್ಟೆ."

ಹೆಂಗಸು ಬಾಯಿ ಅರ್ಧ ತೆರೆದು ಅವಳನ್ನೇ ನೋಡಿದರು. ಬೈಗುಳ ಕಾಯುತ್ತ ಅವಳು ತಲೆ ತಗ್ಗಿಸಿದಳು.

"ನನ್ನ ಸೊಸೆ ಮೇಲೆ ಹೊಟ್ಟೆಕಿಚ್ಚಾ? ಅಷ್ಟು ಚೆನ್ನಾಗಿ ಬಂದಿದೆಯಾ ಫೋಟೊ?"

ಅಳು ಬರುತ್ತಿದ್ದವಳಿಗೆ ನಗು ಬಂತು. "ತುಂಬಾ ಚೆನ್ನಾಗಿ ಬಂದಿದೆ ಅಮ್ಮ."

"ಹಾಗಾದ್ರೆ ಹದಿನೆಂಟು ದಿನ ಉಪವಾಸ ಕೆಡವಿದ್ದಕ್ಕೆ ಆಮೇಲೆ ಬೈತೀನಿ. ಈಗ ನಡಿ, ಹೊತ್ತಾಯ್ತು!"

ಮೆಟ್ಟಿಲಿಳಿಯುತ್ತಲೇ ಅವಳು ಫೋನ್ ಮಾಡಿದಳು. ಮಾಡಲೇಬೇಕಿತ್ತು. ಇದನ್ನು ಬೇರೆಯವರ ಬಾಯಿಂದ ಅವನು ಕೇಳಬಾರದು.

"ಲೆನ್ಸ್ ರೆಡಿ ಇದೆ," ಎಂದಳು.

"ಪಾರ್ಟ್ ಬಂತಾ?"

"ಪಾರ್ಟೇ ಬೇಕಾಗಿರ್ಲಿಲ್ಲ. ನಾನು ಸುಳ್ಳು ಹೇಳ್ದೆ. ನಿಮ್ಮ ಮಂಗಳವಾರದ ಅಮ್ಮನ ಮನೆಗೆ ತಗೊಂಡು ಹೋಗ್ತಿದೀನಿ. ನೀವು... ಬರ್ತೀರಾ?"

ಆ ಕಡೆಯಿಂದ ಫೋನ್ ಕಟ್ಟಾಯಿತು.

ಸೊಸೆ ಬಾಗಿಲಲ್ಲೇ ನಿಂತಿದ್ದಳು. ಕಾಲ ಬಳಿ ಆಸ್ಪತ್ರೆಯ ಚೀಲ. ಮಗ ಕಾರು ತಿರುಗಿಸುತ್ತಿದ್ದ. ಅತ್ತೆ ಕ್ಯಾಮೆರಾ ಕೈಗೆ ತೆಗೆದುಕೊಂಡದ್ದೇ ತಡ, ಏದುಸಿರೆಲ್ಲ ಮಾಯ! ಹೊಟ್ಟೆ ಸಮೇತ ಆಳು ಪೂರ್ತಿ ಬರಬೇಕು, ಲೆನ್ಸಿಗೆ ಜೂಮ್ ಇಲ್ಲ. ಹಿಂದೆ ಹೋದರು, ಹಿಂದೆ ಹೋದರು, ಅಂಗಳ ದಾಟಿ ಗೇಟು ದಾಟಿ ಬೀದಿಗೆ ಹೋದರು.

"ಅತ್ತೇ, ಇನ್ನು ಹಿಂದೆ ಹೋದ್ರೆ ಎದುರುಮನೆಯವರ ಫೋಟೊ ತೆಗೀತೀರ!"

"ನೀನು ಸುಮ್ನೆ ನಿಂತ್ಕೊಳೇ! ನಗು! ಹಾಂ, ಹಾಗೆ... ನನ್ನ ಕಡೆ ನೋಡು!"

ಸೊಸೆ ನೋಡಿದಳು. ಅದೇ ನೋಟ. ಡ್ರಾಯರಿನ ಕತ್ತಲಲ್ಲೂ ಡಾಕ್ಟ್ರಮ್ಮನನ್ನು ಸುಟ್ಟ ಅದೇ ತುಂಬು ಪ್ರೀತಿಯ ನೋಟ. ಈಗ ಅದು ಅವಳ ಕಣ್ಣನ್ನು ಒದ್ದೆ ಮಾಡಿತು.

ತಿರುಗಿ ನೋಡಿದರೆ ಗೇಟಿನ ಪಕ್ಕ ಅವನು ನಿಂತಿದ್ದ. ಓಡಿ ಬಂದಿದ್ದ, ಎದೆ ಏರಿಳಿಯುತ್ತಿತ್ತು. ಅವಳ ಕಡೆ ನೋಡಲಿಲ್ಲ.

ಕಾರು ಹೊರಟಿತು. ಅತ್ತೆ ಕ್ಯಾಮೆರಾ ಬಿಟ್ಟುಕೊಡಲಿಲ್ಲ, ಮಗುವಿನ ಮೊದಲ ಫೋಟೊ ತಾನೇ ತೆಗೆಯಬೇಕಂತೆ. ಕಿಟಕಿಯಿಂದ ತಲೆ ಹಾಕಿ, "ಮೇಷ್ಟ್ರೇ, ಅವಳನ್ನ ಜಾಸ್ತಿ ಬೈಬೇಡಿ! ಗೇಟ್ ಎಳ್ಕೊಂಡು ಹೋಗಿ!" ಎಂದು ಕೂಗಿದರು.

ಅಂಗಳದ ಕಟ್ಟೆಯ ಮೇಲೆ ಅವರಿಬ್ಬರೇ ಉಳಿದರು.

"ಪಾರ್ಟ್ ಬಂತಾ ಅಂತ ಕೇಳೋಕೆ ಎಷ್ಟು ಸಲ ಬಂದೆ," ಎಂದ ಅವನು ಮೆಲ್ಲಗೆ. "ಒಂದ್ಸಲನೂ ಅನುಮಾನ ಬರ್ಲಿಲ್ಲ ನನಗೆ."

"ಗೊತ್ತು. ಅದೇ ನನ್ನ ಕೊಲ್ತಿದೆ."

"ಯಾಕೆ ಹೀಗೆ ಮಾಡಿದ್ರಿ?"

ಅವಳು ಸೆಟೆದು ಕೂತು, ಬಚ್ಚಿಡದೆ ಹೇಳಿದಳು. "ಹೊಟ್ಟೆಕಿಚ್ಚು. ಅವರ ಮುಖ ನೀವು ತೆಗೆದಿದ್ದು ಅಂದ್ಕೊಂಡೆ. ಅಷ್ಟು ಹತ್ತಿರ ನಿಂತು, ಅಷ್ಟು ಬೆಳಗ್ಗೆ... ನನಗೆ ತಡ್ಕೊಳೋಕೆ ಆಗ್ಲಿಲ್ಲ."

"ನನ್ನ ಕೇಳಬಹುದಿತ್ತಲ್ಲ!"

"ಕೇಳೋಕೆ ನಾನು ನಿಮಗೇನಾಗ್ಬೇಕು?"

"ಅದನ್ನ ಹೇಳೋಕೇ ತಾನೇ ಭಾನುವಾರ ಬನ್ನಿ ಅಂತ ಬೇಡ್ಕೊಂಡಿದ್ದು!"

ಅವನು ಕೂಗಿದ್ದು ಅದೇ ಮೊದಲು. ಎದುರುಮನೆಯ ಕಿಟಕಿಯೊಂದು ತೆರೆಯಿತು, ಮತ್ತೆ ಮುಚ್ಚಿತು. ಅವನು ದನಿ ತಗ್ಗಿಸಿದ.

"ಕ್ಲಾಸಲ್ಲಿ ಎಲ್ಲರಿಗೂ ಪಾಠ ಹೇಳ್ದೆ, ಹತ್ತಿರ ಹೋಗಿ, ಒಂದೇ ಮುಖ ತೆಗೀರಿ ಅಂತ. ಆ ಅಮ್ಮ ಒಂದಿನ ಕೇಳಿದ್ರು, ಮೇಷ್ಟ್ರೇ, ನಿಮ್ಮದು ಯಾರ ಮುಖ? ನನ್ನ ಕಾರ್ಡಲ್ಲಿ ಒಂದೂ ಮುಖ ಇರ್ಲಿಲ್ಲ. ಯಾರದು ಅಂತ ನನಗೆ ಗೊತ್ತಿತ್ತು. ಆದ್ರೆ ಕೌಂಟರ್ ದಾಟಿ ಬರೋಕೆ ನೀವು ಒಪ್ಪಬೇಕಲ್ಲ. ಅದನ್ನ ಕೇಳೋಣ ಅಂತಿದ್ದೆ. ನೀವು ಬೇರೆಯವರನ್ನ ಕರ್ಕೊಳ್ಳಿ ಅಂದ್ರಿ."

ಅವಳು ಬಿಕ್ಕಿದಳು. ಹದಿನೆಂಟು ದಿನದ ಅಳು ಒಟ್ಟಿಗೆ ಬಂತು.

"ಈಗ... ಈಗ ಕೇಳ್ತೀರಾ?"

"ನನಗೆ ಇನ್ನೂ ಕೋಪ ಇದೆ."

"ಇರ್ಲಿ. ಹಾಗಾದ್ರೆ ನೀವು ಕೇಳ್ಬೇಡಿ, ನಾನೇ ಹೇಳ್ತೀನಿ." ಅವಳು ಅಂಗೈಯಿಂದ ಮೂಗು ಒರೆಸಿಕೊಂಡಳು. "ನೀವಂದ್ರೆ ನನಗೆ ಪ್ರಾಣ. ಆರು ತಿಂಗಳಿಂದ. ನೀವು ಬರದ ದಿನ ಕೆಲಸ ಓಡಲ್ಲ, ಬಂದ ದಿನ ಮಾತು ಓಡಲ್ಲ, ಅದಕ್ಕೇ ಬೈತಿದ್ದೆ. ಇನ್ಮೇಲೆ ನಿಮ್ಮ ಹತ್ರ ಯಾವತ್ತೂ ಸುಳ್ಳು ಹೇಳಲ್ಲ. ಹೊಟ್ಟೆಕಿಚ್ಚು ಪಡಲ್ಲ ಅಂತ ಮಾತ್ರ ಮಾತು ಕೊಡೋಕಾಗಲ್ಲ. ಅದು ನನ್ನ ಕೈಲಿಲ್ಲ!"

ಅವನು ಮುಖ ಆ ಕಡೆ ತಿರುಗಿಸಿ ಕೂತಿದ್ದ. ಭುಜ ಅಲುಗುತ್ತಿತ್ತು.

"ಏನಾದ್ರೂ ಹೇಳ್ರೀ!" ಅವಳ ಜೀವ ಬಾಯಿಗೆ ಬಂದಿತ್ತು.

"ಕೋಪದಲ್ಲಿರೋನು ನಗಬಾರ್ದಲ್ಲ... ಅದಕ್ಕೆ ತಡ್ಕೊಂಡಿದೀನಿ."

ಅವನು ತಿರುಗಿದ. ಕಣ್ಣು ತುಂಬಿತ್ತು, ನಗುತ್ತಲೂ ಇದ್ದ. ಕಟ್ಟೆಯ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ. ಅವಳು ಎಳೆದುಕೊಳ್ಳಲಿಲ್ಲ.

"ಮದುವೆ ಆಗ್ತೀರಾ ಅಂತ ಕೇಳಿದ್ರೆ, ನಿಮ್ಮ ಮಾವ ಎಷ್ಟು ಸಲ ಕೆಮ್ಮಬಹುದು?"

"ಈ ಸಲ ಅವರು ಕೆಮ್ಮಲ್ಲ. ಕುಣೀತಾರೆ."

"ನೀವು?"

"ಹೂಂ ಅಂತೀನಿ. ಹೂಂ ಅಂದೆ. ಕೇಳಿಸ್ತಾ?"

"ಇನ್ನೊಂದ್ಸಲ ಹೇಳಿ."

"ಹೂಂ!"

ಅವನು ಅವಳ ಮುಖವನ್ನೇ ನೋಡಿದ. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಬರೀ ನೋಡಿದ. ಅತ್ತು ಕೆಂಪಾದ ಮೂಗು, ಕೆದರಿದ ಕೂದಲು. ಅವಳಿಗೆ ನಾಚಿಕೆಯಾಯಿತು.

"ಹಾಗೆ ನೋಡ್ಬೇಡಿ. ಹೊಟ್ಟೆಕಿಚ್ಚಿನ ಮುಖ ಕಣ್ರೀ ಇದು."

"ಗೊತ್ತು," ಎಂದ ಅವನು, ಇನ್ನಷ್ಟು ಹತ್ತಿರ ಸರಿದು. "ನನಗೋಸ್ಕರ ಹೊಟ್ಟೆಕಿಚ್ಚು ಪಟ್ಟ ಒಂದೇ ಒಂದು ಮುಖ. ಇದನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ?"